ಎರಡು ಚುಕ್ಕಿ

ಖೋರ್ ಖ್ವೈರಿನ ಗುಡ್ಡ ಸುಣ್ಣದ್ದು. ಬೆಳಗಿನ ಐದಕ್ಕೇ ಬಿಳಿ.
ಕೆಳಗೆ ಸಮುದ್ರ, ನಾವು ಒಡೆದದ್ದನ್ನೆಲ್ಲ ನುಂಗಲು
ಬಾಯಿ ತೆರೆದು ನಿಂತ ಹಡಗು.
ಮೂವತ್ತೆಂಟು ತೂತು, ಹನ್ನೆರಡು ಮೀಟರು ಆಳ.
ಮದ್ದು ತುಂಬುವವ ನಾನು,
ಇಳಕಲ್ಲಿನ ಕಲ್ಲು ಒಡೆಯುವವರ ಮನೆಯ ದುರುಗೇಶಿ.

ಕುರೋಕಿ ಬಂದದ್ದು ನೆಲದ ನಡುಕ ಅಳೆಯಲು.
ಯಂತ್ರ ಅಂಕಿ ಹೇಳುತ್ತದೆ; ಅವನಿಗೆ ಅಂಕಿ ಸಾಲದು.
ಅಂಗಿಯ ಕಿಸೆಯಲ್ಲಿ ಪುಟ್ಟ ವಹಿ,
ಒಂದೊಂದು ಸಿಡಿತಕ್ಕೂ ಒಂದೊಂದು ಶಬ್ದ:
ಗುಡ್ಡ ಬಾಯಿಬಿಟ್ಟಾಗ ಡೊಕಾನ್,
ದೂರದ್ದಾದರೆ ಡೋ—ನ್,
ಮನೆಗಾತ್ರದ ಬಂಡೆ ಕೂತಾಗ ಜುಶಿನ್,
ಅದರ ಬೆನ್ನಿಗೇ ಜಲ್ಲಿ ಜಾರಿದರೆ ಗರಾಗರಾ.
"ಗರಗರ ನಮ್ಮಲ್ಲೂ ಐತಿ," ಅಂದೆ, ಅರ್ಧ ಹಿಂದಿ, ಅರ್ಧ ಕೈಸನ್ನೆ,
"ಬೀಸುಕಲ್ಲಿಂದು."
ಅವನು ಗಾಳಿಯಲ್ಲೇ ಗೂಟ ಹಿಡಿದು ತಿರುಗಿಸಿದ. ಹೌದು, ಅದೇ.

ಚಹಾದ ಹೊತ್ತಿಗೆ ಸಂತೆ ನೆರೆಯುತ್ತಿತ್ತು.
ಡ್ರಿಲ್ಲು ಹಿಡಿಯುವ ಗುಲ್ ಜಮಾನ್: "ಡಜ್." ಅಷ್ಟೇ.
ಅವನು ಉಪ್ಪನ್ನೂ ಹೀಗೇ ಅಳೆದು ಹಾಕುತ್ತಾನೆ.
ಹರ್ಕ ಬಹಾದೂರ್: "ಡ್ಯಾಂಙ್!" ಜೊತೆಗೆ ಲೋಟವೂ ಚೆಲ್ಲಿತು.
ನನ್ನ ಸರದಿ ಬಂದಾಗ ಬಾಯಿಗೆ ಬಂದದ್ದು ಒಂದಲ್ಲ,
ಢಂ, ಢಮಾರ್, ಧಡಾರ್, ಧೊಪ್, ದುಡುಂ...
ಕುರೋಕಿ ಪೆನ್ನು ಎತ್ತಿ ಹಿಡಿದ: ಸಾವಕಾಶ, ಸಾವಕಾಶ.

ಒಂದು ದಿನ ಸುಣ್ಣದ ಧೂಳಲ್ಲಿ ಬೆರಳಾಡಿಸಿ ತೋರಿಸಿದ.
ಇದು ಟೊನ್. ಯಾರೋ ಬಾಗಿಲು ತಟ್ಟಿದ್ದು.
ಪಕ್ಕಕ್ಕೆ ಎರಡು ಚುಕ್ಕಿ ಇಟ್ಟ. ಡೊನ್. ಬಾಗಿಲೇ ಬಿತ್ತು.
ಇದು ಕನ್, ತಗಡಿನ ಡಬ್ಬಿ.
ಎರಡು ಚುಕ್ಕಿ: ಗನ್. ತಲೆಗೆ ಬಡಿದ ಕಬ್ಬಿಣ.
ನಾನು ಪಕ್ಕದಲ್ಲೇ ದ ಬರೆದು ಹೊಟ್ಟೆ ಸೀಳಿದೆ: ಧ.
"ನಮ್ಮದು ಹಿಂಗ. ದಪ್ ಅಂದರ ಹಿಟ್ಟಿನ ಚೀಲ.
ಧಪ್ ಅಂದರ ನಾ ಬಿದ್ದದ್ದು."
ಭಾರ ಹೆಚ್ಚಿಸಲು ಅವರಿಗೆ ಎರಡು ಚುಕ್ಕಿ, ನಮಗೆ ಒಂದು ಗೀರು.
ಗುಡ್ಡಕ್ಕಾದರೆ ಮೂರು ಟನ್ನು ಮದ್ದು ಬೇಕು.

ಅಪ್ಪ ಬಂಡೆಗೆ ಸುತ್ತಿಗೆ ತಾಗಿಸಿ ಕಿವಿಗೊಡುತ್ತಿದ್ದ.
ಠಣ್ ಅಂದರೆ ಒರಳಾಗುತ್ತದೆ.
ಬದ್ ಅಂದರೆ ಬಿಡು, ಒಳಗೆ ಬಿರುಕು.
ಅವನು ವಹಿ ಇಡಲಿಲ್ಲ. ಅಕ್ಷರ ಬಂದಿದ್ದರೂ ಇಡುತ್ತಿರಲಿಲ್ಲ,
ಎರಡೂ ಕೈ ಕೆಲಸದಲ್ಲಿರುತ್ತಿದ್ದವು.

ಆ ಮಂಗಳವಾರ ಸೈರನ್ನು ಮೂರು ಸಲ ಕೂಗಿತು.
ಗುಂಡಿ ಒತ್ತಿದೆ.

ಏನೂ ಇಲ್ಲ.

ಮತ್ತೆ ಒತ್ತುವಂತಿಲ್ಲ. ಅರ್ಧ ಗಂಟೆ ಕಾಯಬೇಕು,
ಆಮೇಲೆ ಒಬ್ಬನೇ ಹೋಗಬೇಕು.
ಆ ಒಬ್ಬ ನಾನು.
ಗುಲ್ ಜಮಾನನ ಬೆರಳಲ್ಲಿ ತಸಬಿಯ ಮಣಿ ನಿಂತುಬಿಟ್ಟಿತು.
ಕುರೋಕಿ ಹತ್ತಿರ ಸರಿದು, ಪಿಸುದನಿಯಲ್ಲಿ: "ಶೀ—ನ್."
ಏನದು?
ಸಪ್ಪಳ ಇಲ್ಲದಾಗಿನ ಸಪ್ಪಳ. ಅವರ ಚಿತ್ರಕತೆಗಳಲ್ಲಿ
ಖಾಲಿ ಕೋಣೆಯ ಮೇಲೆ ದೊಡ್ಡದಾಗಿ ಬರೆದಿರುತ್ತಾರಂತೆ.
"ಬಿಕೋ," ಅಂದೆ. ನಾಲಿಗೆ ಒಣಗಿತ್ತು.
"ಸಂತಿ ಮುಗದ ಮ್ಯಾಲ ಕಟ್ಟಿ ಬಿಕೋ ಅಂತೈತಿ."
ಅವನು ಬರೆದುಕೊಂಡ. ಆ ದಿನ ಬರೆದದ್ದು ಅದೊಂದೇ.

ಹೋದೆ. ನನ್ನ ಬೂಟಿನ ಸಪ್ಪಳ ನನಗೇ ಹೆಚ್ಚಾಯಿತು.
ಹದಿನೇಳನೆಯ ತೂತಿನ ಬಳಿ ಒಂದು ಮೇಕೆ,
ಬಾಯಲ್ಲಿ ಮದ್ದಿನ ಹಳದಿ ಕೊಳವೆ, ಅರ್ಧ ಜಗಿದದ್ದು.
ಸೈರನ್ನಿಗೂ ಹೆದರದ್ದು ನನ್ನ ನೋಡಿ ಅಂದಿತು:
ಮೇ.
ಮೊಣಕಾಲು ಹೇಳಿದ್ದು ಕೇಳದೆ ಅಲ್ಲೇ ಕೂತುಬಿಟ್ಟೆ.
ಕುರೋಕಿಯ ನಾಡಲ್ಲೂ ಅದು ಮೇ ಅಂತಲೇ ಅನ್ನುತ್ತದಂತೆ,
ಚುಕ್ಕಿ ಇಲ್ಲ, ಗೀರಿಲ್ಲ.

ಮೂರೂವರೆಗೆ ಗುಡ್ಡ ಎದ್ದು ಕೂತಿತು.
ಏನೆಂದಿತೋ, ಯಾರೂ ಕೇಳಲಿಲ್ಲ.

ಈಗ ಕುರೋಕಿ ಇಲ್ಲ.
ಎಡಗಿವಿಯೊಳಗೆ ರಾತ್ರಿಯೆಲ್ಲ ಸಣ್ಣ ಗುಂಯ್.
ಅದಕ್ಕೂ ಅವನಲ್ಲೊಂದು ಮಾತಿತ್ತು, ಕೀ—ನ್,
ಶೀನ್‌ನ ತಮ್ಮನ ಹಾಗೆ.
ಕ್ಲಿನಿಕ್ಕಿನಲ್ಲಿ ಇಳಿಜಾರಿನ ಗೆರೆಯೊಂದು ಎಳೆದುಕೊಟ್ಟರು,
ಕಾಗದ ಪೆಟ್ಟಿಗೆಯಲ್ಲಿದೆ.
ಎಡಗಿವಿಯನ್ನು ದಿಂಬಿಗೆ ಒತ್ತಿ ಮಲಗಿದರೆ
ದೂರದ ಧಕ್ಕೆಯಲ್ಲಿ ಹಡಗಿಗೆ ಕಲ್ಲು ಬೀಳುವುದು ಕೇಳುತ್ತದೆ.
ಇಷ್ಟು ದೂರಕ್ಕೆ ಬರುವಷ್ಟರಲ್ಲಿ
ಎರಡೂ ಚುಕ್ಕಿ ಉದುರಿಹೋಗಿರುತ್ತವೆ:
ಟೊನ್.
ಟೊನ್.
ಯಾರದು, ಅನ್ನಲು ಬಾಯಿ ತೆರೆದು
ಸುಮ್ಮನಾಗುತ್ತೇನೆ.