ಚೋಟಾ ಗೇರು

ದೊಡ್ಡ ಗೇರಿನ ಬಾಜೂಕ ಇನ್ನೊಂದು, ಗಿಡ್ಡಂದು,
ನನ್ನ ಮೊಣಕಾಲಿಗೆ ತಾಗೂವಂಗ.
ಎರಡು ಗಾಲಿಯ ಜೋರು ನಾಲ್ಕಕ್ಕ ಹಂಚೋದು ಅದರ ಕೆಲಸ.
ಲಾಡ್ಲೇಸಾಬ ಇಟ್ಟ ಹೆಸರು ಚೋಟಾ ಗೇರು.
"ಹೆಸರಿಗಷ್ಟೇ ಚೋಟಾ, ಬಾಯೀ.
ಇದರ ಹಟ ಏನ್ ಕೇಳ್ತೀರಿ."

ಆಫೀಸಿನ ಹಳೇ ಜೀಪು ಲಿಲಾವಿಗೆ ಹೋಗಿ
ಈ ಪಿಕಪ್ ಬಂದು ಎರಡು ತಿಂಗಳು.
ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ,
ತೆಗೀಲಾಕ ಬಿಟ್ಟಿಲ್ಲ ಆತ.
ಹಿಂದ ನನ್ನ ಸಾಮಾನು: ಉಕ್ಕಿನ ಟೇಪು, ಸುಣ್ಣದ ಕಡ್ಡಿ,
ಬಾವಿಗಳ ನೀರು ತಿಂಗಳಿಗೊಮ್ಮೆ ಎಷ್ಟಿಳೀತು, ಎಷ್ಟೇರಿತು
ಅಂತ ಬರೆಯೋ ವಹಿ.

ಜುಲೈದಾಗ ದಂಡೋತಿ ದಾಟಿ ಎರಿ ಹೊಲದ ದಾರಿ.
ಎರಿ ಮಣ್ಣು ತೊಯ್ದರ ಚಪ್ಪಲಿ ಸಾಲದು ಅದಕ್ಕ,
ಚಪ್ಪಲಿಯೊಳಗಿನ ಕಾಲೂ ಬೇಕು.
ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿ, ಎಡಗೈಲೆ ಜಗ್ಗಿದ.
ಬರಲಿಲ್ಲ.
ಒಂದು ಮಾರು ಹಿಂದ ತಂದು ಮತ್ತ ಜಗ್ಗಿದ.
ಎಲ್ಲೋ ಕೆಳಗ ಹಲ್ಲಿಗೆ ಹಲ್ಲು ಹತ್ತಿ
ಗರ್ರ್ ಅಂತು ಗಾಡಿ, ನಿದ್ದೆಗೆಡಿಸಿದ ನಾಯಿಯಂಗ.
ಕಡೀಕ ಮೈ ಹೊರಳಿಸಿ ಎರಡೂ ಕೈ ಹಚ್ಚಿದ.
"ಹೊಸ ಎತ್ತು ನೊಗಕ್ಕ ಸುಮ್ನ ಬರ್ತದೇನು?"
ನಾ ಕಿಟಕಿಯ ಹೊರಗ ತೊಗರಿ ಸಾಲು ಎಣಿಸಿದೆ.

ಹುಮನಾಬಾದ ರೋಡಿನ ಶೋರೂಮಿನ ಹುಡುಗ,
ಜೇಬಿನ ಮ್ಯಾಲ ಹೆಸರು ಹೊಲಿಸಿಕೊಂಡಾವ,
ಅಡಿಯಲ್ಲಿ ಮಲಗಿ ಟಾರ್ಚು ಹಾಕಿದ, ಎಣ್ಣಿ ಬದಲಿಸಿದ.
"ಹೊಸಾದು ಚಾಚಾ, ಬಿಗಿ ಇರ್ತದ.
ಓಡ್ತಾ ಓಡ್ತಾ ತಾನೇ ಸಡಿಲಾಗ್ತದ."
ಬಿಲ್ಲಿನ ಮ್ಯಾಲ ಸಹಿ ಹಾಕುವಾಗ ಲಾಡ್ಲೇಸಾಬನ ಮುಖ
ಗೆದ್ದವರ ಮುಖ.

ಆಮ್ಯಾಲ ಒಂದು ಮಧ್ಯಾಹ್ನ
ಬಾವಿಗೆ ಯಾವ ಬದು ಹಿಡೀಬೇಕಂತ ಕೇಳಲಾಕ ಆತ ಇಳಿದು ಹೋದ,
ಇಂಜಿನ್ ಚಾಲೂ ಇಟ್ಟು.
ನನಗೇನು ಅನಿಸಿತೋ.
ಆಚೆ ಸೀಟಿಗೆ ಸರಿದೆ, ಕ್ಲಚ್ ಒತ್ತಿದೆ, ಹಿಡಿದೆ.
ಬಿಗಿ ಇತ್ತು, ಸುಳ್ಳಲ್ಲ.
ಹೊಸ ಬೀಗದ ಮೊದಲ ಸುತ್ತಿನಷ್ಟು ಬಿಗಿ.
ಆದರ ಬಂತು.
ತಿರುಗಿ ಹಾಕಿದೆ. ಹೋತು.

ಆಗ ಒಂದೊಂದೇ ನೆನಪಾದವು:
ಬುತ್ತಿಯ ಗಂಟು ಹಲ್ಲಿಲೆ ಬಿಚ್ಚೋದು,
ಚಾದ ಬಸಿ ಬಲಗೈಗೆ ಮಾತ್ರ ಬರೋದು,
ಹೋದ ಚಳಿಗಾಲದ ನಲವತ್ತು ದಿನದ ರಜಾ,
"ಏನಿಲ್ಲ, ಹವಾ ಬಡದಿತ್ತು" ಅಂದದ್ದು.
ಡಿಸೆಂಬರಿಗೆ ನಿವೃತ್ತಿ. ಐದು ತಿಂಗಳು.

ಆತ ಬಂದ. ಕೆಸರು ಕಾಲು ಫುಟ್‌ರೆಸ್ಟಿಗೆ ಒರೆಸಿಕೊಂಡ.
ನಾ ನನ್ನ ಜಾಗಕ್ಕ ಬಂದಿದ್ದೆ, ಆದರ
ಪ್ಲಾಸ್ಟಿಕ್ ಇನ್ನೂ ಸುಕ್ಕು ಬಿಚ್ಚಿಕೊಳ್ಳಲಾಕತ್ತಿತ್ತು
ಚರ್ ಚರ್ ಅಂತ.
ಆತ ಸೀಟು ನೋಡಿದ. ನನ್ನ ನೋಡಿದ.

"ಬಿಗಿ ಅದ," ಅಂದೆ.
"ಬಾಳ ಬಿಗಿ," ಅಂದ ಲಾಡ್ಲೇಸಾಬ, ಸ್ವಲ್ಪ ತಡೆದು.

ಅವತ್ತಿನಿಂದ ಆತ ಕ್ಲಚ್ ಒತ್ತಿ "ಹಾಂ" ಅಂತಾನ,
ನಾ ಜಗ್ಗತೀನಿ.
ಆತನ ಎಡಗೈ ನನ್ನ ಕೈಮ್ಯಾಲ ಸುಮ್ನ ಕೂತಿರ್ತದ,
ದಾರಿ ಹೇಳೂವಂಗ.
ಬಾವಿಯ ದಂಡ್ಯಾಗ ಟೇಪಿಗೆ ಸುಣ್ಣ ಬಳಿದು ಇಳಿಬಿಡತೀನಿ,
ಎಲ್ಲೀತನ ತೊಯ್ದದ ಅಂತ ಆತ ಕಣ್ಣು ಕಿರಿದು ಮಾಡಿ ಓದತಾನ.
ಒಂದು ಸೆಂಟಿಮೀಟರು ಹೆಚ್ಚುಕಡಿಮಿ ಬರೆದವಳಲ್ಲ ನಾನು.

ಅದೇ ಪೆನ್ನಿಲೆ ಗಾಡಿಯ ವಹಿಯೊಳಗ ಬರೆದೆ:
"ಚೋಟಾ ಗೇರು ವಿಪರೀತ ಬಿಗಿ ಇರುತ್ತದೆ."
ಮೇಲಿನ ಕಚೇರಿಯಿಂದ ಉತ್ತರ ಬಂತು, ಮೊಹರು ಸಮೇತ:
"ಬಳಕೆಯಿಂದ ಸರಿಹೋಗತಕ್ಕದ್ದು. ಕಡತ ಮುಕ್ತಾಯಗೊಳಿಸಿದೆ."

ಎರಡು ಸಲ ಓದಿಸಿಕೊಂಡು ನಕ್ಕ ಲಾಡ್ಲೇಸಾಬ.
"ಸರಿಹೋಗತಕ್ಕದ್ದಂತ," ಅಂದ,
ಬಲಗೈಲೆ ಎಡಗೈಯ ಬೆರಳು ಒಂದೊಂದಾಗಿ ಮಡಿಚಿ
ಗೇರಿನ ಗುಂಡಿನ ಸುತ್ತ ಕೂಡಿಸುತ್ತ.