ಭಾರ ಕೂತ ಮೇಲೆ

ಮೊದಲು ಕೇಳಿಸಿದ್ದು ನನಗಲ್ಲ, ಹಿಂದಿನ ಸೀಟಿನ ಎತೇರಿಗೆ.
ನನ್ನ ಹೆಂಡತಿಯ ತಾಯಿ. ವಾರಕ್ಕೆ ಮೂರು ಸಲ
ಚಿಯಾತುರಾದಿಂದ ಕುತಾಯಿಸಿಗೆ, ರಕ್ತ ತೊಳೆಸಿಕೊಳ್ಳಲು.
"ಬಲಗಡೆ, ಬದ್ರೀ," ಅಂದಳು. "ಗುಂಡಿಗೆ ಇಳಿವಾಗ ಅಲ್ಲ,
ಹತ್ತುವಾಗ. ಟಕ್.
ಆಮೇಲೆ ಇನ್ನೊಂದು, ಸಣ್ಣದು,
ಮೊದಲನೆಯದರ ಮರಿ."

ನಾನು ರೇಡಿಯೋ ಜೋರು ಮಾಡಿದೆ.

ಮೂವತ್ತೊಂದು ವರ್ಷ ಕಣಿವೆಯ ಮೇಲೆ
ಉಕ್ಕಿನ ಹಗ್ಗಕ್ಕೆ ತೂಗುವ ತಗಡಿನ ಡಬ್ಬಿಯಲ್ಲಿ ನಿಂತು
ಗಣಿಯವರನ್ನು ಮೇಲೆ ಬಿಟ್ಟು ಕೆಳಗೆ ತಂದವಳು.
ಒಂದು ಎಳೆ ಕಡಿದರೂ ಅಂಗಾಲಿಗೆ ತಿಳಿಯುತ್ತಿತ್ತಂತೆ.
ಅಂಥವಳಿಗೆ ನನ್ನ ರೇಡಿಯೋ ಯಾವ ಲೆಕ್ಕ.

ನುಗ್ಝಾರನ ಗ್ಯಾರೇಜು: ನೆಲದಲ್ಲೊಂದು ಹಳ್ಳ,
ಗೋಡೆಗೆಲ್ಲ ಮ್ಯಾಂಗನೀಸಿನ ಮಸಿ, ತಂತಿಗೊಂದು ಬಲ್ಬು.
ಜಪಾನಿನಲ್ಲಿ ಯಾರೋ ಓಡಿಸಿ ಬಿಟ್ಟ ನನ್ನ ಸುಬಾರು,
ಸ್ಟೀರಿಂಗು ಬಲಕ್ಕೆ, ನಮ್ಮ ರಸ್ತೆಗೆ ಉಲ್ಟಾ.
ಹಾರೆ ಕೊಟ್ಟು ಹಿಂದಿನ ತೋಳನ್ನು ಮೀಟಿದ:
ಬುಷ್ಷಿನ ರಬ್ಬರು ಬಾಯಿ ತೆರೆಯಿತು,
ಹಲ್ಲಿಲ್ಲದ ನಗೆ.
"ಎರಡೂ ಕಡೆ ಹಾಕಿಸಿಬಿಡು, ಜೋಡಿ ಸವೆಯುತ್ತವೆ."
ಜೇಬು ಮುಟ್ಟಿಕೊಂಡು ಅಂದೆ, ಸದ್ಯಕ್ಕೆ ಒಂದು.

ಆ ಒಂದು ಬೋಲ್ಟು ಇಡೀ ಬೆಳಿಗ್ಗೆ ತಿಂದಿತು.
ಎಣ್ಣೆ, ಬೆಂಕಿ, ಬೈಗುಳ, ಮತ್ತೆ ಎಣ್ಣೆ.
ಸ್ಪ್ಯಾನರಿಗೆ ನೀರಿನ ಪೈಪು ತೊಡಿಸಿ ಇಬ್ಬರೂ ಜೋತುಬಿದ್ದೆವು;
ಕಿರುಚಿ ಬಿಟ್ಟುಕೊಟ್ಟಾಗ
ನನ್ನ ಗೆಣ್ಣಿನ ಚರ್ಮವೂ ಚೂರು ಅದರ ಜೊತೆ ಹೋಯಿತು.

ಹಳೆಯದನ್ನು ಗರಗಸದ ಅಲಗಿನಿಂದ ಒಳಗಿನಿಂದಲೇ ಸೀಳಬೇಕು.
ಬಳೆ ತುಂಡಾಗಬೇಕು, ತೊಟ್ಟ ತೋಳಿಗೆ ಗೀರೂ ಬೀಳಬಾರದು.
ಎಲ್ಲಿ ನಿಲ್ಲಿಸುವುದೆಂದು ಕಣ್ಣಿಗೆ ತಿಳಿಯದು.
ಹೊರಗೆ ಹಳೇ ಟೈರಿನ ಮೇಲೆ ಕೂತು
ಸೂರ್ಯಕಾಂತಿ ಬೀಜ ಉಗುಳುತ್ತಿದ್ದವಳು ಕೂಗಿದಳು:
"ಸಾಕು! ಸದ್ದು ಬದಲಾಯಿತು."
ನಿಲ್ಲಿಸಿದೆ. ಸಾಕಾಗಿತ್ತು.

ಹೊಸದಕ್ಕೆ ಸೀಮೆಸುಣ್ಣದ ಗುರುತು, ಮೈತುಂಬ ಸೋಪಿನ ನೀರು.
ಉದ್ದನೆ ತಿರುಪು, ಎರಡು ಬಿಲ್ಲೆ,
ಕಾಲು ಸುತ್ತು, ಇನ್ನೊಂದು ಕಾಲು ಸುತ್ತು,
ಒಲ್ಲದ ಮನಸ್ಸಿನಿಂದ ಅದು ಮನೆಯೊಳಗೆ ಹೋಯಿತು.

ನಟ್ಟು ಬಿಗಿಯಲು ಹೋದೆ. ನುಗ್ಝಾರ್ ಕೈ ಹಿಡಿದ.
"ಗಾಲಿ ಗಾಳಿಯಲ್ಲಿದ್ದಾಗ ಬಿಗಿಯಬೇಡ ಮಾರಾಯ.
ರಬ್ಬರಿಗೆ ಹಟ ಜಾಸ್ತಿ. ಜೋತಾಡುವಾಗ ಕಟ್ಟಿದರೆ
ಜೋತಾಡುವುದೇ ತನ್ನ ನಿಲುವು ಅಂದುಕೊಳ್ಳುತ್ತದೆ.
ನೆಲಕ್ಕಿಳಿದ ದಿನದಿಂದ ಮೈ ತಿರುಚಿಕೊಂಡೇ ಬದುಕಿ
ಆರು ತಿಂಗಳಿಗೆ ಹರಿಯುತ್ತದೆ.
ಇಳಿಸು. ದಿನಾ ಹೊರುವ ಭಾರ ಹೊರಿಸು. ಆಮೇಲೆ."

ದಿನಾ ಹೊರುವ ಭಾರ ಎದ್ದು ಬಂದಳು,
ಕಂಬಳಿ, ಚೀಲ, ಉಪ್ಪಿಲ್ಲದ ರೊಟ್ಟಿಯ ಡಬ್ಬಿ ಸಮೇತ.
ಬಾಗಿಲು ಹಿಡಿದು ನಿಂತು ಕೇಳಿದಳು:
"ಆಸ್ಪತ್ರೆಗೆ ಹೋಗುವಾಗಿನ ತೂಕ ಬೇಕೋ, ಬರುವಾಗಿನದೋ?
ಎರಡೂವರೆ ಕಿಲೋ ವ್ಯತ್ಯಾಸ ಇದೆ."

ನುಗ್ಝಾರ್ ನಗಲಿಲ್ಲ. ಕೈ ಒರೆಸುತ್ತಾ ಯೋಚಿಸಿದ.
"ಹೋಗುವಾಗಿನದು."
"ಹಾಗಾದರೆ ಈಗಲೇ ಬಿಗಿಯಿರಿ. ನಾಳೆ ಇಳಿದುಬಿಡುತ್ತೇನೆ."

ಹಳ್ಳದೊಳಗೆ ನಾನು, ತಲೆಯ ಮೇಲೆ ತಗಡು,
ತಗಡಿನ ಮೇಲೆ ಅವಳು,
ಅವಳೊಳಗೆ ಹೊರಗೆ ಹೋಗಲಾರದ ನೀರು.
ಸ್ಪ್ರಿಂಗು ಒಂದು ಬೆರಳಷ್ಟು ಕುಗ್ಗಿ ನಿಂತಿತು.
ಬಿಗಿದೆ. ಇನ್ನೂ ಸ್ವಲ್ಪ.
ಮೇಲೆ ಅವಳ ಬೂಟು ಎರಡು ಸಲ ಕುಟ್ಟಿತು;
ಡಬ್ಬಿ ಹೊರಡಬಹುದು ಎಂದು
ಕೆಳಗಿನವನಿಗೆ ಕೊಡುತ್ತಿದ್ದ ಸಂಜ್ಞೆ ಅದು.

ಮರುದಿನ ಝೆಸ್ತಾಪೋನಿ ದಾಟುವವರೆಗೂ ಸದ್ದಿಲ್ಲ.
ಗುಂಡಿ ಬಂತು, ಹೋಯಿತು. ಬೇಕೆಂದೇ ಇನ್ನೊಂದಕ್ಕೆ ಇಳಿಸಿದೆ.
ಕನ್ನಡಿಯಲ್ಲಿ ಅವಳ ಕಣ್ಣು ಮುಚ್ಚಿತ್ತು.
ಮಲಗಿದಳು, ಪಾಪ, ಅಂದುಕೊಂಡೆ.

"ಈಗ ಎಡಗಡೆ," ಅಂದಳು, ಕಣ್ಣು ತೆರೆಯದೆ.
"ಇಷ್ಟು ದಿನ ಅದರ ಬೆನ್ನಿಗೆ ಅಡಗಿ ಕೂತಿತ್ತು."

ಕೈ ರೇಡಿಯೋ ತನಕ ಹೋಗಿ ವಾಪಸು ಬಂತು.