ಠೇವಣಿ

ದಾವಿನ್ ಕಡಲಿನ ಮರಳು ಕಪ್ಪು.
ಅಂಗಡಿಯ ಬಾಗಿಲಲ್ಲೇ ಕಾಲು ತೊಳೆಸುತ್ತೇನೆ,
ಒಂದು ಕಣ ಸಾಕು
ಐವತ್ತು ಸಾವಿರದ ಕ್ಯಾಮೆರಾ ನೀರು ಕುಡಿಯಲು.

ರಬ್ಬರ್ ಬಳೆಗೆ ಗ್ರೀಸು, ಹೆಚ್ಚಲ್ಲ,
ಕೂಸಿನ ತುಟಿಗೆ ಜೇನು ಸವರುವಷ್ಟು.
ಮುಚ್ಚಿ, ಬಕೆಟ್ಟಿನ ಸಿಹಿನೀರಿಗೆ ಅದ್ದಿ
ನಾನೂ ಉಸಿರು ಹಿಡಿಯುತ್ತೇನೆ.
ಗುಳ್ಳೆ ಎದ್ದರೆ ಕೆಲಸ ಕೆಟ್ಟಿತು.

ದಿನಕ್ಕೆ ಎಂಟುನೂರು ಪೆಸೊ. ಪಾಸ್‌ಪೋರ್ಟು ನನ್ನ ಡ್ರಾಯರಿನಲ್ಲಿ.
'ಒಡೆದರೆ?' ಅಂತಾರೆ. ಬೋರ್ಡು ತೋರಿಸುತ್ತೇನೆ.
'ನೀನು ಇಳಿದಿದ್ದೀಯಾ?' ಅಂತಲೂ.
ಮೊಣಕಾಲಿನವರೆಗೆ.

ಸಂಜೆ ವಾಪಸು ಬಂದದ್ದನ್ನು ತೊಳೆದು
ಉಳಿದ ಚಿತ್ರ ಅಳಿಸುವುದೂ ನನ್ನ ಪಾಲಿಗೇ:
ಉಗುರಿನಷ್ಟು ಸೀಗಡಿ,
ಮೈತುಂಬ ಕೂದಲು ಬಿಟ್ಟ ಮೀನು,
ಮಸುಕು, ಮಸುಕು, ಯಾರದೋ ಹೆಬ್ಬೆರಳು,
ಮತ್ತೆ ಎಲ್ಲದರ ಮೂಲೆಯಲ್ಲೂ
ಇಗೋ ಇಲ್ಲಿ ಅನ್ನುವ ಒಂದು ಕಡ್ಡಿ, ಅದರ ಹಿಂದೆ ಕೈ.

ಗೈಡ್ ರೊಸೆಂಡೊ. ನನ್ನ ಗಂಡ.
ಬೆರಳ ತುದಿ ದೋಣಿಯ ರಾಟೆ ತಿಂದದ್ದು
ನಮ್ಮ ಮದುವೆಯ ವರ್ಷ.
ಅವರು ಊರು ಸೇರಿದ ಮೇಲೆ ಆ ಕೈ ಕತ್ತರಿಸುತ್ತಾರಂತೆ,
ಮೀನು ಚಂದ ಕಾಣಲಿ ಅಂತ.

ಇವತ್ತು ಒಂದನ್ನು ಅಳಿಸಲಿಲ್ಲ.
ಮೀನು ಓಡಿದ ಮೇಲೆ ತೆಗೆದದ್ದು:
ಕಪ್ಪು ಮರಳು, ಅವನ ಕೈ.
ಏನನ್ನೂ ತೋರಿಸುತ್ತಿಲ್ಲ.